ಕಟ್ಟೆ ಇಳಿಯದವರು

2020ರ ಮಾರ್ಚ್ 25, ಬುಧವಾರ. ಯುಗಾದಿ ಹಬ್ಬದ ಬೆಳಿಗ್ಗೆ, ಏಳಕ್ಕೆ ಇನ್ನೂ ಹತ್ತು ನಿಮಿಷವಿದೆ. ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಊರು. ಹೆಸರು ಬೇಡ, ಆ ಕಡೆಯ ಯಾವ ಊರಾದರೂ ಆದೀತು. ಹಾಲಿನ ಡೈರಿಯ ಮುಂದೆ ಕಾರ್ಯದರ್ಶಿ ಸುಣ್ಣದಲ್ಲಿ ಗುಂಡಗೆ ಗೆರೆ ಎಳೆದಿದ್ದಾನೆ. ಒಂದು ಗೆರೆಗೂ ಇನ್ನೊಂದಕ್ಕೂ ನಡುವೆ ಒಂದು ಮಾರು ಜಾಗ. ಗೆರೆಯೊಳಗೆ ಹಾಲಿನ ಕ್ಯಾನುಗಳು ಶಿಸ್ತಾಗಿ ನಿಂತಿವೆ. ಕ್ಯಾನುಗಳ ಒಡತಿಯರು ಪಕ್ಕದ ಜಗಲಿಯ ಮೇಲೆ ತೋಳಿಗೆ ತೋಳು ತಾಗಿಸಿ ಕೂತು, ಒಬ್ಬಟ್ಟಿಗೆ ಬೇಳೆ ಎಷ್ಟು ಹದಕ್ಕೆ ಬೇಯಬೇಕು ಎಂದು ವಾದ ಮಾಡುತ್ತಿದ್ದಾರೆ. ಅಂತರ ಕಾಯ್ದುಕೊಂಡಿರುವುದು ಕ್ಯಾನುಗಳು ಮಾತ್ರ.

ನೀವು ಡೈರಿಯ ಮೆಟ್ಟಿಲ ಮೇಲೆ ನಿಲ್ಲಿ. ಇಲ್ಲಿಂದ ಅರಳಿಕಟ್ಟೆ ಚೆನ್ನಾಗಿ ಕಾಣುತ್ತದೆ. ಅರಳಿಯಲ್ಲಿ ತಾಮ್ರದ ಬಣ್ಣದ ಚಿಗುರು, ಅದಕ್ಕೆ ಅಂಟಿಕೊಂಡೇ ಬೆಳೆದ ಬೇವಿನಲ್ಲಿ ಹೂವು. ಕಟ್ಟೆಯ ಮೇಲೆ ಆರೇಳು ಜನ ಮುದುಕರು. ಮೈಗೆಲ್ಲ ಹರಳೆಣ್ಣೆ ತಿಕ್ಕಿಕೊಂಡು, ಟವೆಲ್ ಸುತ್ತಿಕೊಂಡು, ಎಳೆ ಬಿಸಿಲಿಗೆ ನೆನೆಯುತ್ತ ಕೂತಿದ್ದಾರೆ. ಮನೆಯಲ್ಲಿ ಹಂಡೆ ಕಾಯುವವರೆಗೆ ಇಲ್ಲಿರಬೇಕಾದದ್ದು ನ್ಯಾಯವೇ. ಹಂಡೆ ಕಾದ ಮೇಲೂ ಇರುತ್ತಾರೆ ಎಂಬುದು ಬೇರೆ ಮಾತು.

ಪೇಪರು ಒಂದೇ. ಅದು ಮೇಷ್ಟ್ರ ಕೈಯಲ್ಲಿದೆ. ಎಂಬತ್ತು ದಾಟಿದ ಮೇಷ್ಟ್ರು ನಾಲಿಗೆಗೆ ಬೆರಳು ಮುಟ್ಟಿಸಿ ಪುಟ ತಿರುವಿ, ದೊಡ್ಡದಾಗಿ ಓದಿ, ಪಕ್ಕದವರಿಗೆ ದಾಟಿಸುತ್ತಾರೆ. ಸೊಸೈಟಿಯಲ್ಲಿ ಗುಮಾಸ್ತರಾಗಿದ್ದವರು ಅದೇ ಪುಟಕ್ಕೆ ತಮ್ಮ ಬೆರಳನ್ನೂ ಒದ್ದೆ ಮಾಡಿಕೊಳ್ಳುತ್ತಾರೆ. ಅಡಿಕೆ ಚೀಲ ಎಡಗಡೆಯಿಂದ ಹೊರಟು ಬಲಕ್ಕೆ ಬರುತ್ತಿದೆ. ಸುಣ್ಣದ ಡಬ್ಬಿಗೆ ಎಲ್ಲರ ತೋರುಬೆರಳೂ ಇಳಿದೇಳುತ್ತಿದೆ. ಒಬ್ಬರ ಬೀಡಿಯಿಂದ ಇನ್ನೊಬ್ಬರು ಬೆಂಕಿ ತೆಗೆದುಕೊಳ್ಳಲು ಮುಖಕ್ಕೆ ಮುಖ ತರುತ್ತಾರೆ. ಕೊರೋನಾ ವೈರಸ್ಸಿಗೆ ಇದಕ್ಕಿಂತ ಸುಲಭದ ದಾರಿ ಬೇಕೇ ಎಂದು ನಿಮ್ಮ ಎದೆ ಹೊಡೆದುಕೊಂಡರೆ ತಪ್ಪಿಲ್ಲ. ಅವರ ಎದೆ ಹೊಡೆದುಕೊಳ್ಳುತ್ತಿಲ್ಲ.

ನಿನ್ನೆ ರಾತ್ರಿ ಎಂಟಕ್ಕೆ ಪ್ರಧಾನಿ ಟಿವಿಯಲ್ಲಿ ಬಂದು ಇಪ್ಪತ್ತೊಂದು ದಿನ ಯಾರೂ ಹೊಸ್ತಿಲು ದಾಟಬೇಡಿ, ಬಾಗಿಲ ಮುಂದೆ ಲಕ್ಷ್ಮಣರೇಖೆ ಇದೆ ಎಂದುಕೊಳ್ಳಿ ಎಂದು ಹೇಳಿದ್ದನ್ನು ಎಲ್ಲರೂ ಕೇಳಿದ್ದಾರೆ. ಕೇಳಿಲ್ಲ ಎಂದು ಯಾರೂ ಹೇಳುವುದಿಲ್ಲ. ಹಿಂದೆ ಗಾಡಿ ಹೊಡೆಯುತ್ತಿದ್ದುದರಿಂದ ಗಾಡಿ ತಾತ ಎಂದೇ ಕರೆಸಿಕೊಳ್ಳುವವರು ಬೀಡಿ ಹೊಗೆ ಬಿಟ್ಟು ಹೇಳುತ್ತಾರೆ: "ಲಕ್ಷ್ಮಣ ಗೆರೆ ಎಳ್ದಿದ್ದು ಸೀತಮ್ಮಂಗೆ ಕನಪ್ಪ. ಗಂಡಸ್ರು ಜಿಂಕೆ ಹಿಂದೆ ಕಾಡು ಸುತ್ತುತಿದ್ರು."

ಕಟ್ಟೆಯೆಲ್ಲ ನಗುತ್ತದೆ. ನಗುವಿನ ಜೊತೆ ಕೆಮ್ಮು.

"ಅರವತ್ತೈದು ದಾಟಿದೋರು ಆಚೆ ಬರಬಾರ್ದಂತೆ," ಗುಮಾಸ್ತರು ನೆನಪಿಸುತ್ತಾರೆ.

"ಯಡಿಯೂರಪ್ಪಂಗೆ ಎಷ್ಟು?"

"ಎಪ್ಪತ್ತೇಳು," ಮೇಷ್ಟ್ರು ತಲೆ ಎತ್ತದೆ ಉತ್ತರಿಸುತ್ತಾರೆ.

"ಮತ್ತೆ ಅವ್ರು ಮನೇಲಿ ಕೂತವ್ರಾ?"

ಇದಕ್ಕೆ ಕಟ್ಟೆಯಲ್ಲಿ ಉತ್ತರವಿಲ್ಲ. ನನಗೂ ಇರಲಿಲ್ಲ. ಆಗಸ್ಟ್ ಮೊದಲ ವಾರದಲ್ಲಿ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರಿಗೂ, ಅವರ ಬೆನ್ನಿಗೇ ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರಿಗೂ ಸೋಂಕು ತಗಲಿ ಇಬ್ಬರೂ ಆಸ್ಪತ್ರೆ ಸೇರಿದಾಗ ಈ ಮಾತು ನೆನಪಾಯಿತು. ಇಬ್ಬರೂ ಗುಣವಾಗಿ ಬಂದರು. ಕಟ್ಟೆಯವರು ಅದನ್ನೂ ತಮ್ಮ ಪರವಾದ ಸಾಕ್ಷಿಯೆಂದೇ ಲೆಕ್ಕ ಹಾಕಿದರೆ ಆಶ್ಚರ್ಯವೇನಿಲ್ಲ.

ಮೇಷ್ಟ್ರಿಗೆ ಕಲಬುರಗಿಯ ಸಂಗತಿ ಗೊತ್ತು. ಮಾರ್ಚ್ 10ರಂದು ಅಲ್ಲಿ ತೀರಿಕೊಂಡ ಎಪ್ಪತ್ತಾರು ವರ್ಷದ ಹಿರಿಯರೇ ದೇಶದಲ್ಲಿ ಈ ಕಾಯಿಲೆಗೆ ಮೊದಲು ಬಲಿಯಾದವರು, ಸೌದಿಯಿಂದ ವಾಪಸಾಗಿದ್ದರು. "ಸೌದಿಗೆ ಹೋಗಿದ್ದೋರು," ಎಂದು ಗಾಡಿ ತಾತ ಆ ಒಂದು ಪದವನ್ನು ಎತ್ತಿಕೊಂಡು ಪಕ್ಕಕ್ಕಿಡುತ್ತಾರೆ. "ನಾನು ಶ್ರವಣಬೆಳಗೊಳ ದಾಟಿದೋನಲ್ಲ." ಮಂಡ್ಯ ಜಿಲ್ಲೆಯಲ್ಲಿ ಅವತ್ತಿಗೆ ಒಬ್ಬರಿಗೂ ಸೋಂಕಿಲ್ಲ. ಅವರ ಪ್ರಕಾರ ಕಾಯಿಲೆಗೆ ಪಾಸ್‌ಪೋರ್ಟು ಬೇಕು.

ಇವರನ್ನು ತಿಳಿಯದವರು ಎನ್ನುವ ಹಾಗಿಲ್ಲ. ಗಾಡಿ ತಾತನ ತೋಳಿನ ಮೇಲೆ ಸಿಡುಬಿನ ಚುಚ್ಚುಮದ್ದಿನ ಗುರುತು ಎದ್ದು ಕಾಣುತ್ತಿದೆ. ದೇಶದಲ್ಲಿ ಸಿಡುಬು ನಿಂತಿದ್ದು 1975ರಲ್ಲಿ. ಇವರ ಅರ್ಧ ಆಯಸ್ಸು ಅದರ ಜೊತೆಯಲ್ಲೇ ಕಳೆದದ್ದು. ಮನೆಗೆ ಅಮ್ಮ ಬಂದರೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು, ನೆಂಟರು ದಾರಿಯಲ್ಲೇ ತಿರುಗಿ ಹೋಗುತ್ತಿದ್ದರು, ಒಗ್ಗರಣೆ ಹಾಕುತ್ತಿರಲಿಲ್ಲ, ಮೂರನೇ ನೀರು ಹಾಕುವವರೆಗೆ ಆ ಮನೆಯವರು ಯಾರ ಮನೆಗೂ ಹೋಗುತ್ತಿರಲಿಲ್ಲ. ಮೈಸೂರು ಸಂಸ್ಥಾನಕ್ಕೆ 1898ರಲ್ಲಿ ಪ್ಲೇಗು ಕಾಲಿಟ್ಟ ಮೇಲೆ ಇಲಿ ಬಿದ್ದ ಸುದ್ದಿ ಬಂದರೆ ಸಾಕು, ಊರಿಗೆ ಊರೇ ಗುಳೆ ಎದ್ದು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕತೆಯನ್ನು ಇವರು ತಾಯಂದಿರ ಬಾಯಲ್ಲಿ ಕೇಳಿ ಬೆಳೆದವರು. ದೂರ ಇರುವುದು ಹೇಗೆಂದು ನಮಗಿಂತ ಚೆನ್ನಾಗಿ ಬಲ್ಲರು. ಯಾರಿಂದ ದೂರ ಎಂಬುದರಲ್ಲಿ ಮಾತ್ರ ಅವರಿಗೆ ತಮ್ಮದೇ ಪಟ್ಟಿಯಿದೆ.

ಅಗೋ, ಗುಲಾಬಿ ಸೀರೆ. ಆಶಾ ಕಾರ್ಯಕರ್ತೆ ಬರುತ್ತಿದ್ದಾಳೆ. ಬಗಲಲ್ಲಿ ರಿಜಿಸ್ಟರು, ಮುಖಕ್ಕೆ ಮನೆಯಲ್ಲೇ ಹೊಲಿದ ಬಟ್ಟೆ. ಕೆಲಸದವಳಾಗಿ ಬಂದರೂ ಅವಳು ಈ ಊರ ಸೊಸೆ. ಕಟ್ಟೆಯ ಮೇಲೆ ಕೂತವರೆಲ್ಲ ಒಂದಲ್ಲ ಒಂದು ಲೆಕ್ಕದಲ್ಲಿ ಮಾವಂದಿರು. ನಿನ್ನೆಮೊನ್ನೆಯವರೆಗೆ ಈ ಕಟ್ಟೆಯ ಮುಂದೆ ಸೆರಗು ಹೊದ್ದು ತಲೆ ತಗ್ಗಿಸಿ ಹಾದುಹೋದವಳು ಈಗ ಅವರನ್ನು ಎಬ್ಬಿಸಬೇಕು.

"ಮಾವ, ಒಸಿ ದೂರ ದೂರ ಕೂತ್ಕಳಿ. ಮೂರಡಿ ಬುಟ್ಟು."

"ಕೂತಿವ್ನಿ ಕನವ್ವ." ಗುಮಾಸ್ತರು ಎರಡು ಬೆರಳಗಲ ಸರಿಯುತ್ತಾರೆ.

"ಮನೇಗೋಗಿ ಮಾವ. ನಿಮಗೆ ಸಕ್ಕರೆ ಕಾಯ್ಲೆ ಬೇರೆ ಐತೆ."

"ನೀನೇ ಮನೆಮನೆ ಸುತ್ತುತಿದ್ದೀಯಲ್ಲ ತಾಯಿ, ನಿಂಗೆ ಬರಕಿಲ್ವಾ?"

ಈ ಪ್ರಶ್ನೆ ಅವಳಿಗೂ ಇದೆ. ಕೆಲಸ ಕೊಟ್ಟವರು ಕೈಗೆ ರಿಜಿಸ್ಟರು ಕೊಟ್ಟಿದ್ದಾರೆ, ಸಾಬೂನು ಕೊಟ್ಟಿಲ್ಲ. ಅವಳು ಉತ್ತರಿಸದೆ ಪೆನ್ನಿನ ಟೋಪಿ ತೆಗೆಯುತ್ತಾಳೆ: "ಬೆಂಗಳೂರಿಂದ ಯಾರಾರ ಮನೆಗೆ ಜನ ಬಂದವ್ರೆ ಹೇಳಿ."

ಕಟ್ಟೆಯಲ್ಲಿ ಇದ್ದಕ್ಕಿದ್ದಂತೆ ಎಲ್ಲರಿಗೂ ಅಡಿಕೆ ಅಗಿಯುವ ಕೆಲಸ.

ಈ ಹೊತ್ತಿಗೆ ಬೀದಿಯ ಆಚೆ ಬದಿ ನೋಡಿ. ಕೇರಿಯ ಹಿರಿಯರೊಬ್ಬರು ಪಟೇಲರ ಮನೆಯವರನ್ನು ಏನೋ ಕೇಳಲು ಬಂದು ಬಿಸಿಲಲ್ಲಿ ನಿಂತಿದ್ದಾರೆ. ಕಟ್ಟೆಗೂ ಅವರಿಗೂ ನಡುವೆ ಒಂದು ಮಾರಿಗಿಂತ ಹೆಚ್ಚಿನ ಜಾಗ. ಸರ್ಕಾರ ಹೇಳಿದ ಅಂತರವನ್ನು ಆ ಬೆಳಿಗ್ಗೆ ಆ ಬೀದಿಯಲ್ಲಿ ಚಾಚೂ ತಪ್ಪದೆ ಪಾಲಿಸುತ್ತಿರುವ ಹಿರಿಯರು ಅವರೊಬ್ಬರೇ. ಅದಕ್ಕೂ ಕೊರೋನಾಗೂ ಸಂಬಂಧವಿಲ್ಲ. ಅವರಪ್ಪ ನಿಲ್ಲುತ್ತಿದ್ದದ್ದೂ ಅಲ್ಲೇ.

ಮಧ್ಯಾಹ್ನ ಒಬ್ಬಟ್ಟಿನ ಊಟ ಮುಗಿದ ಮೇಲೆ ಊರ ಬಾಗಿಲಿಗೆ ಹೋಗೋಣ. ಹುಡುಗರು ಬಳ್ಳಾರಿ ಜಾಲಿ ಕಡಿದು ತಂದು ರಸ್ತೆಗೆ ಅಡ್ಡ ಹಾಕುತ್ತಿದ್ದಾರೆ. ಕರ್ನಾಟಕದ ಊರೂರಲ್ಲಿ ಆ ವಾರ ಇದೇ ಕೆಲಸ. ಇಲ್ಲಿ ಮೇಲ್ವಿಚಾರಣೆ ಗಾಡಿ ತಾತನದು. "ಬುಡ ಆಚೆ ಕಡೆ ಮಾಡ್ಲಾ, ಮುಳ್ಳು ಅವ್ರ ಕಡೆಗಿರ್ಲಿ" ಎಂದು ಹೇಳಿ, ಅದು ತಪ್ಪೆಂದು ಹೊಳೆದು, ಬುಡ ಈಚೆಗೆ ಎಂದು ತಿದ್ದುತ್ತಾರೆ. ರಟ್ಟಿನ ಮೇಲೆ ಇದ್ದಿಲಲ್ಲಿ ಬರೆದ ಬೋರ್ಡು: ಹೊರಗಿನವರಿಗೆ ಪ್ರವೇಶವಿಲ್ಲ. ಈರುಳ್ಳಿ ಮಾರುವವನ ಟೆಂಪೋ ಬಂದು ಹಾರ್ನ್ ಹೊಡೆಯುತ್ತದೆ. ಎಷ್ಟೋ ವರ್ಷದಿಂದ ಬರುವವನು, ಸಾಲ ಕೊಟ್ಟವನು. "ಹೋಗಪ್ಪ, ಅತ್ಲಾಗೆ ಹೋಗು, ಹತ್ರ ಬರಬ್ಯಾಡ" ಎಂದು ಮುದುಕರು ಟವೆಲನ್ನು ಮೂಗಿಗೆ ಒತ್ತಿಕೊಂಡು ಕೈ ಬೀಸುತ್ತಾರೆ. ಬೆಳಿಗ್ಗೆ ಸಡಿಲವಾಗಿದ್ದ ಟವೆಲು ಈಗ ಎಷ್ಟು ಬಿಗಿಯಾಗಿದೆ ನೋಡಿ.

ಮಬ್ಬುಗತ್ತಲಾಯಿತು. ಊರ ಹಿಂದೆ ನಾಲೆ ಏರಿಯ ಮೇಲೆ ದೀಪ ಆರಿಸಿಕೊಂಡು ಒಂದು ಬೈಕು ಬರುತ್ತಿದೆ. ಕೆಎ 05 ನಂಬರು. ಗಂಡ, ಹೆಂಡತಿ, ನಡುವೆ ಮಗು, ಟ್ಯಾಂಕಿನ ಮೇಲೊಂದು ಬ್ಯಾಗು. ಬೆಂಗಳೂರು ಬಿಟ್ಟು ಹಳ್ಳಿಗಳಿಗೆ ಹೋಗಬೇಡಿ ಎಂದು ಸರ್ಕಾರ ಕೈಮುಗಿದು ಕೇಳಿದ ಮೇಲೂ ಹಬ್ಬದ ಹಿಂದುಮುಂದಿನ ಆ ದಿನಗಳಲ್ಲಿ ಊರಿನ ದಾರಿ ಹಿಡಿದ ಸಾವಿರಾರು ಜನರಲ್ಲಿ ಇವರೂ ಇದ್ದಾರೆ. ಗಾರ್ಮೆಂಟ್ಸ್ ಬಾಗಿಲು ಹಾಕಿದೆ, ಬಾಡಿಗೆ ಮನೆಯಲ್ಲಿ ಕೂತು ತಿನ್ನುವುದೇನು? ಹಳ್ಳದ ಹತ್ತಿರ ದಾರಿ ತೋರಿಸಲು ಟಾರ್ಚು ಹಿಡಿದು ನಿಂತಿರುವವರು ಯಾರು ಗೊತ್ತೇ? ಗಾಡಿ ತಾತ. ಮಧ್ಯಾಹ್ನ ಮುಳ್ಳಿನ ದಿಕ್ಕು ತಿದ್ದಿದವರೇ.

ಮನೆಯೊಳಗೆ ಅಜ್ಜಿ ಮಗುವನ್ನು ಎತ್ತಿಕೊಂಡು, ಕೆನ್ನೆಗೆ ಕೆನ್ನೆ ಒತ್ತಿ, ಮುಖ ನೀವಿ ಲಟಿಕೆ ಮುರಿಯುತ್ತಾಳೆ. ಕೈ ತೊಳೆಯಿರಿ ಎಂದು ಸೊಸೆಯೇ ಹೇಳುತ್ತಾಳೆ, ಫ್ಯಾಕ್ಟರಿಯಲ್ಲಿ ಹೇಳಿಕೊಟ್ಟಿದ್ದಾರೆ. "ನನ್ನ ಕೂಸು ಮುಟ್ಟೋಕೆ ನಾನು ಕೈ ತೊಳೀಬೇಕಾ?" ಎಂದು ಅಜ್ಜಿ ಒಬ್ಬಟ್ಟಿಗೆ ತುಪ್ಪ ಹಾಕಿ ತುತ್ತು ಮಾಡುತ್ತಾಳೆ. ಒಂದು ತುತ್ತು ಮಗುವಿಗೆ, ಮಗು ಉಗಿದದ್ದು ಅಜ್ಜಿಗೆ.

ಆಗಲೇ ಬಾಗಿಲಲ್ಲಿ ಗುಲಾಬಿ ಸೀರೆ.

"ಯಾರೂ ಬಂದಿಲ್ಲ ಕನವ್ವ," ಎನ್ನುತ್ತಾಳೆ ಅಜ್ಜಿ. ಕೊಟ್ಟಿಗೆಯಲ್ಲಿ ಹುಲ್ಲು ಮುಚ್ಚಿದ ಬೈಕಿನ ಕನ್ನಡಿ ಹೊರಗೆ ಇಣುಕುತ್ತಿದೆ. ಒಳಗಿನಿಂದ ಮಗು ಕಾರ್ಟೂನು ಹಾಕಿಕೊಡಿ ಎಂದು ಕಿರುಚುತ್ತದೆ. ಆಶಾ ಕಾರ್ಯಕರ್ತೆ ಕನ್ನಡಿಯನ್ನೂ ನೋಡುತ್ತಾಳೆ, ಅಜ್ಜಿಯನ್ನೂ ನೋಡುತ್ತಾಳೆ, ರಿಜಿಸ್ಟರಿನಲ್ಲಿ ಬರೆಯುತ್ತಾಳೆ: ಮೂವರು. ನಾಳೆಯಿಂದ ಈ ಅಜ್ಜಿ ಅವಳೊಡನೆ ಮಾತು ಬಿಡುತ್ತಾಳೆ. ಆ ವರ್ಷ ರಾಜ್ಯದ ಆಶಾಗಳು ಸಂಪಾದಿಸಿದ ಹಗೆಯ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಮರುದಿನ ಹೊಸತೊಡಕು. ಗುರುವಾರ ಬಾಡು ತಿನ್ನಬಹುದೋ ಇಲ್ಲವೋ ಎಂದು ಬೆಳಿಗ್ಗೆ ಸ್ವಲ್ಪ ಹೊತ್ತು ಚರ್ಚೆ ನಡೆದು, ತಿನ್ನಬಹುದು ಎಂದಾಯಿತು. ಪೊಲೀಸರ ಕಣ್ಣಿಗೆ ಬೀಳದ ತೋಪಿನಲ್ಲಿ ಎರಡು ಕುರಿ ಕಡಿದು, ಟಾರ್ಪಾಲಿನ ಮೇಲೆ ಗುಡ್ಡೆ ಹಾಕಿದ್ದಾರೆ. ಗುಡ್ಡೆ ಬಾಡು ಅಂತರದ ವ್ಯವಹಾರವಲ್ಲ. ಪ್ರತಿ ಗುಡ್ಡೆಗೂ ಈಲಿ, ಮೂಳೆ, ಕೊಬ್ಬು ಸಮನಾಗಿ ಬಿದ್ದಿದೆಯೇ ಎಂದು ಬಗ್ಗಿ ನೋಡಬೇಕು, ಅನುಮಾನ ಬಂದರೆ ಕೈ ಹಾಕಿ ತಿರುಗಿಸಬೇಕು, ನ್ಯಾಯ ಹೇಳಲು ಹಿರಿಯರು ಮಧ್ಯದಲ್ಲೇ ಕೂರಬೇಕು. ಗುಮಾಸ್ತರು ಕೂತಿದ್ದಾರೆ. ಬೈಕಿನಲ್ಲಿ ಇಬ್ಬರು ಪೇದೆಗಳು ಬರುತ್ತಾರೆ. ಹುಡುಗರು ಜೋಳದ ಹೊಲಕ್ಕೆ ಓಟ. ಮುದುಕರು ಕದಲುವುದಿಲ್ಲ. ಲಾಠಿ ಎತ್ತಿದ ಪೇದೆ ಬಿಳಿ ತಲೆಗಳನ್ನು ಕಂಡು ಇಳಿಸುತ್ತಾನೆ: "ಅಜ್ಜ, ಸತ್ತೋಯ್ತೀರ ಕನ್ರೀ, ಮನೆಗೆ ನಡೀರಿ." "ನಡೀತೀವಿ ಸಾ, ನಿಮಗೂ ಒಂದು ಪಾಲು ಮಡಗ್ಲಾ?"

ಆ ಪೇದೆ ಹೇಳಿದ್ದು ಒರಟಾಗಿತ್ತು, ಸುಳ್ಳಾಗಿರಲಿಲ್ಲ. ಏಪ್ರಿಲ್ ಮೊದಲ ವಾರ ಕೇಂದ್ರ ಆರೋಗ್ಯ ಇಲಾಖೆ ಲೆಕ್ಕ ಕೊಟ್ಟಾಗ, ಅಲ್ಲಿಯವರೆಗೆ ದೇಶದಲ್ಲಿ ಸತ್ತವರಲ್ಲಿ ಶೇ 63ರಷ್ಟು ಅರವತ್ತು ದಾಟಿದವರು.

ಸಂಜೆ ಎಲ್ಲರೂ ಮಾಳಿಗೆ, ತಿಪ್ಪೆ, ಕಟ್ಟೆ ಹತ್ತಿ ಪಡುವಣಕ್ಕೆ ಕಣ್ಣು ನೆಟ್ಟಿದ್ದಾರೆ. ಶುಕ್ರ ಜೋರಾಗಿ ಹೊಳೆಯುತ್ತಿದೆ, ಅದರ ಕೆಳಗೆಲ್ಲೋ ಎಳೆಯ ಚಂದ್ರ ಇರಬೇಕು. "ಅಗಳಪ್ಪ, ತೆಂಗಿನ ಗರಿ ಸಂದೀಲಿ!" ಕಂಡಿತು. ಕಂಡ ಮೇಲೆ ಹಿರಿಯರ ಕಾಲಿಗೆ ಬೀಳಬೇಕು. ಬೆಂಗಳೂರಿನಿಂದ ಬಂದ ಮಗ ಬೀಳುತ್ತಾನೆ, ಗಾಡಿ ತಾತ ಅವನ ತಲೆ ಮುಟ್ಟುತ್ತಾರೆ. ಅವನ ಹಿಂದೆ ಸಾಲು, ಸಾಲಿನಲ್ಲಿ ಒಂದು ಗೇಣೂ ಅಂತರವಿಲ್ಲ. ಆಶಾ ಕಾರ್ಯಕರ್ತೆ ತನ್ನ ಮಾವನಿಗೆ ಎರಡು ಮಾರು ದೂರದಿಂದಲೇ ನೆಲ ಮುಟ್ಟಿ ನಮಸ್ಕರಿಸುತ್ತಾಳೆ. "ಹತ್ರ ಬಾವ್ವ," ಎಂದು ಅವರು ಕರೆಯುತ್ತಾರೆ. "ಬ್ಯಾಡ ಮಾವ, ನಲವತ್ತು ಮನೆ ಸುತ್ತಿ ಬಂದಿವ್ನಿ." ಊರಲ್ಲಿ ಅವತ್ತು ಅತಿ ಹೆಚ್ಚು ಬೈಸಿಕೊಂಡ ನಮಸ್ಕಾರ ಅದೇ.

ಆ ಮನೆಯ ಮೂವರಿಗೂ ಏನೂ ಆಗಲಿಲ್ಲ. ಕಟ್ಟೆ ಗೆದ್ದಿತು. ಆ ಗೆಲುವು ಮೇ ತಿಂಗಳವರೆಗೆ ಬಾಳಿತು. ಮುಂಬೈಯಲ್ಲಿ ದುಡಿಯುತ್ತಿದ್ದ ಕೆ.ಆರ್. ಪೇಟೆ ಕಡೆಯವರು ವಾಪಸು ಬರತೊಡಗಿದರು. ಒಂದೊಂದು ದಿನವೂ ಹತ್ತಾರು ಜನರಲ್ಲಿ ಸೋಂಕು ಕಂಡು, ಮಂಡ್ಯ ಜಿಲ್ಲೆಯ ಹೆಸರು ಸಂಜೆಯ ಬುಲೆಟಿನ್ನಿನಲ್ಲಿ ಮೇಲಕ್ಕೇರಿತು. ಬಂದವರನ್ನು ಶಾಲೆ, ಹಾಸ್ಟೆಲುಗಳಲ್ಲಿ ಇಳಿಸಿದರು.

ಹಾಗೆ ಇಳಿಸಿದ ಒಂದು ಶಾಲೆಯ ಗೇಟಿನ ಮುಂದೆ ಈಗ ನಿಂತಿದ್ದೀರಿ. ಮಧ್ಯಾಹ್ನ ಒಂದು ಗಂಟೆ. ಎಪ್ಪತ್ತು ದಾಟಿದ ಹೆಂಗಸೊಬ್ಬಳು ಕ್ಯಾರಿಯರು ಹಿಡಿದು ಹೋಂಗಾರ್ಡಿನ ಜೊತೆ ಜಗಳಕ್ಕೆ ನಿಂತಿದ್ದಾಳೆ.

"ಅಲ್ಲೇ ಇಟ್ಟು ಹಿಂದಕ್ಕೆ ಹೋಗಜ್ಜಿ. ಒಳಗೆ ಕೊಡ್ತಾರೆ."

"ನನ್ನ ಕೈಯ್ಯಾರೆ ಕೊಡ್ತೀನಿ. ಎಂಟು ತಿಂಗ್ಳಾಯ್ತು ಮಗನ ಮುಖ ನೋಡಿ."

"ಅವ್ನಿಗೆ ಪಾಸಿಟಿವ್ ಬಂದ್ರೆ ನಿಂಗೂ ಬತ್ತದೆ."

"ಬರ್ಲಿ ಬುಡು."

"ನಿಮ್ಮೂರೋರೇ ಅಲ್ವಾ ರಸ್ತೆಗೆ ಮುಳ್ಳು ಹಾಕಿದ್ದು? ಆವಾಗ ಭಯ ಇತ್ತು, ಈಗಿಲ್ವಾ?"

"ಅವತ್ತು ಬಂದೋನು ಯಾವನೋ ಈರುಳ್ಳಿಯೋನು ಕನಪ್ಪ," ಎನ್ನುತ್ತಾಳೆ ಅವಳು, ಗೇಟಿನ ಸಂದಿಗೆ ಕೈ ತೂರಿಸುತ್ತ. "ಮುದ್ದೆ ಆರೋಯ್ತದೆ. ಬೀಗ ತೆಗಿ."