ಅಥೆನ್ಸಿನಲ್ಲಿ ಎರಡು ತಾಟು

ಅಣ್ಣಿಗೇರಿಯ ನಿವೃತ್ತ ಇತಿಹಾಸ ಶಿಕ್ಷಕರೊಬ್ಬರು ತಮ್ಮ 34 ವರ್ಷಗಳ ಸೇವಾವಧಿಯಲ್ಲಿ ಪ್ರತಿವರ್ಷವೂ ಕರಿಹಲಗೆಯ ಮೇಲೆ ಒಂದು ಗುಡಿಯ ಚಿತ್ರವನ್ನು ತೆಗೆಯುತ್ತಿದ್ದರು. ಮುಂಭಾಗಕ್ಕೆ ಎಂಟು ಕಂಬ, ಅವುಗಳ ಮೇಲೊಂದು ತ್ರಿಕೋನ. ಕೆಳಗೆ ‘ಪಾರ್ಥೆನಾನ್, ಅಥೆನ್ಸ್’ ಎಂಬ ದುಂಡಗಿನ ಅಕ್ಷರಗಳು. ನವಲಗುಂದ ಸೀಮೆಯ ಎರೆಹೊಲಗಳಿಂದ ಬಂದ ಮಕ್ಕಳು ಅದನ್ನು ನಕಲು ಮಾಡಿಕೊಂಡು, ಪರೀಕ್ಷೆಯಲ್ಲಿ ಬರೆದು, ಮರೆತುಬಿಡುತ್ತಿದ್ದರು. ಮಾಸ್ತರರು ಮಾತ್ರ ಮರೆಯಲಿಲ್ಲ. 2024ರ ಏಪ್ರಿಲ್ ತಿಂಗಳಲ್ಲಿ, ಜರ್ಮನಿಯಲ್ಲಿ ಉದ್ಯೋಗದಲ್ಲಿರುವ ಮಗಳ ಒತ್ತಾಯದಿಂದ, ಪತ್ನೀಸಮೇತರಾಗಿ ಐದು ದಿನಗಳ ಮಟ್ಟಿಗೆ ಆ ನಗರವನ್ನು ಸಂದರ್ಶಿಸುವ ಯೋಗ ಅವರಿಗೆ ಒದಗಿತು.

ಪತ್ನಿಯವರಿಗೆ ಮೊಣಕಾಲಿನ ಬೇನೆ. “ನೀವು ನೋಡಿ ಬರ್ರಿ, ನಾ ಕೆಳಗ ಕುಂದರತೀನಿ” ಎಂದು ಅವರು ಊರಲ್ಲಿಯೇ ಹೇಳಿಟ್ಟಿದ್ದರು. ಆದರೆ ಮುಂಜಾನೆ ಎಂಟಕ್ಕೆ ಆಕ್ರೊಪೊಲಿಸ್ ಬೆಟ್ಟದ ಬಾಗಿಲು ತೆರೆದಾಗ ಹತ್ತುವವರ ಸಾಲಿನಲ್ಲಿ ಅವರೇ ಪತಿಗಿಂತ ಒಂದು ಹೆಜ್ಜೆ ಮುಂದಿದ್ದರು. ಅಲ್ಲಿಯ ಅಮೃತಶಿಲೆಯ ದಾರಿಯು ಅಸಂಖ್ಯ ಪಾದಗಳಿಂದ ಸವೆದು ಎಣ್ಣೆ ಸವರಿದಂತೆ ಜಾರುತ್ತದೆ. ಕುಳಿತು, ಎದ್ದು, ಪತಿಯ ಭುಜ ಹಿಡಿದು ಅವರು ಹತ್ತಿಯೇ ಹತ್ತಿದರು.

ಪಾರ್ಥೆನಾನ್ ದೇಗುಲದ ಕಟ್ಟಡ ಕ್ರಿ.ಪೂ. 447ರಲ್ಲಿ ಆರಂಭವಾಗಿ, ಶಿಲ್ಪಕಾರ್ಯ ಕ್ರಿ.ಪೂ. 432ರಲ್ಲಿ ಮುಗಿಯಿತು. ಮಾಸ್ತರರು ಮೊದಲು ಮಾಡಿದ ಕೆಲಸವೆಂದರೆ ಕಂಬಗಳ ಲೆಕ್ಕ. ಉದ್ದನೆಯ ಬದಿಗೆ 17, ಹೊರಸುತ್ತಿಗೆಲ್ಲ ಕೂಡಿ 46. ಅಣ್ಣಿಗೇರಿಯ ಅಮೃತೇಶ್ವರ ದೇವಾಲಯದ ಕಂಬಗಳು 76 ಎಂಬುದನ್ನು ಅವರು ಅಲ್ಲಿಯೇ ಪತ್ನಿಗೆ ನೆನಪಿಸಿದರು. ಗುಡಿಗಳ ಹಿರಿಮೆಯನ್ನು ಕಂಬಗಳಿಂದ ಅಳೆಯುವುದು ಅವರ ಹಳೆಯ ಚಟ. ಬಳಪದ ಕಲ್ಲಿನಲ್ಲಿ ಕಡೆದ ಚಾಲುಕ್ಯರ ಕಂಬಕ್ಕೂ ಬೆಟ್ಟದ ಮೇಲೆ ಬಿಸಿಲಿಗೊಡ್ಡಿ ನಿಂತ ಈ ಭಾರಿ ಕಂಬಕ್ಕೂ ಯಾವ ಹೋಲಿಕೆ! ಪತ್ನಿಯವರ ಪ್ರಶ್ನೆ ಬೇರೆಯದೇ ಆಗಿತ್ತು: “ಇಲ್ಲಿ ಪೂಜಾ ಯಾವಾಗ ನಿಂತತ್ರಿ?”

ಅಥೀನಾ ದೇವಿಯ ಗುಡಿಯು ಮುಂದೆ ಇಗರ್ಜಿಯಾಯಿತು, ತುರ್ಕರ ಆಳ್ವಿಕೆಯಲ್ಲಿ ಮಸೀದಿಯಾಯಿತು. 1687ರಲ್ಲಿ ತುರ್ಕರು ಅದರೊಳಗೆ ಮದ್ದು ತುಂಬಿಟ್ಟಿದ್ದಾಗ ವೆನಿಸ್ ಸೈನ್ಯದ ಗುಂಡೊಂದು ಬಿದ್ದು, ಎರಡು ಸಾವಿರ ವರ್ಷಗಳಿಗೂ ಮೀರಿ ನಿಂತಿದ್ದ ಕಟ್ಟಡ ಸಿಡಿದುಹೋಯಿತು. ‘ಕಾಲನ ಹೊಡೆತಕ್ಕೆ ಪಾಳುಬಿದ್ದಿತು’ ಎಂದು ಮಾಸ್ತರರು ಮೂರು ದಶಕ ಬರೆಯಿಸಿದ್ದರು. ಫಲಕವನ್ನೋದಿ ಅವರು ಬಹಳ ಹೊತ್ತು ಸುಮ್ಮನಿದ್ದರು.

ಬೆಟ್ಟದ ಬುಡದಲ್ಲಿ 2009ರಲ್ಲಿ ತೆರೆದ ವಸ್ತುಸಂಗ್ರಹಾಲಯವಿದೆ. ಎರೆಕ್ಥಿಯೊನ್ ಗುಡಿಯ ಮಾಡನ್ನು ತಲೆಯ ಮೇಲೆ ಹೊತ್ತು ನಿಂತಿದ್ದ ಆರು ಕಲ್ಲಿನ ಕನ್ನೆಯರಲ್ಲಿ ಐವರು ಅಲ್ಲಿದ್ದಾರೆ. ಬೆಟ್ಟದ ಮೇಲಿರುವವು ನಕಲುಗಳು. ಆರನೆಯವಳ ಸ್ಥಳವನ್ನು ಬರಿದಾಗಿಯೇ ಬಿಟ್ಟಿದ್ದಾರೆ. ಪತ್ನಿಯವರು ಆ ಬರಿದಾದ ಸ್ಥಳದೆದುರು ನಿಂತರು.

“ಒಬ್ಬಾಕಿ ಎಲ್ಲ್ಯದಾಳ್ರಿ?”

“ಲಂಡನ್ನಿನ್ಯಾಗ. ಎಲ್ಗಿನ್ ಅನ್ನಾಂವ ಒಯ್ದ. ಇನ್ನೂರ ವರ್ಷದ ಮ್ಯಾಲಾತು.”

“ತವರಿಗೆ ಒಮ್ಮೆನೂ ಕಳಿಸಿಲ್ಲೇನು?”

ಮಾಸ್ತರರ ಬಳಿ ಉತ್ತರವಿರಲಿಲ್ಲ. ಆ ಶಿಲ್ಪಗಳು 1816ರಿಂದ ಬ್ರಿಟಿಷ್ ಮ್ಯೂಸಿಯಮ್ಮಿನ ಸೊತ್ತಾಗಿವೆ ಎಂಬುದಷ್ಟೇ ಅವರಿಗೆ ಗೊತ್ತು.

ಊಟದ ಸಂಗತಿಯನ್ನು ವಿಸ್ತಾರವಾಗಿಯೇ ಹೇಳಬೇಕು. ಶಾಕಾಹಾರಿಗಳಿಗೆ ಅದು ಸಕಾಲವೆಂದು ಮಗಳು ಹೇಳಿದ್ದಳು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳವು. ಗ್ರೀಕರಲ್ಲಿ ಆಚಾರವಂತರು ಮಾಂಸ, ಮೀನು, ಮೊಟ್ಟೆ, ಹಾಲು ಮುಟ್ಟುವುದಿಲ್ಲ. ಆ ಅಡಿಗೆಗೆ ‘ನಿಸ್ತಿಸಿಮೊ’ ಎಂದು ಹೆಸರು. ಮೊದಲ ರಾತ್ರಿ ಮಾಸ್ತರರು ಆ ಶಬ್ದವನ್ನು ಮಂತ್ರದಂತೆ ಉಚ್ಚರಿಸಿದರು. ಮಾಣಿ ಸಂತೋಷದಿಂದ ತಲೆಯಾಡಿಸಿ ಅಷ್ಟಪದಿಯ ಕಾಲುಗಳನ್ನು ತಂದಿಟ್ಟನು! ರಕ್ತವಿಲ್ಲದ ಕಡಲಜೀವಿಗಳೆಂದು ಅವುಗಳಿಗೆ ಉಪವಾಸದಲ್ಲಿಯೂ ನಿಷೇಧವಿಲ್ಲವಂತೆ. ಅಂದಿನ ಊಟ ಕೋಣೆಯಲ್ಲಿ ಊರ ಕಟಕ ರೊಟ್ಟಿ, ಶೇಂಗಾ ಚಟ್ನಿಗಳಿಂದ ಮುಗಿಯಿತು.

ಮರುದಿನ ಪ್ಲಾಕಾ ಎಂಬ ಹಳೆಯ ಪೇಟೆಯಲ್ಲಿ ಸಣ್ಣ ಖಾನಾವಳಿಯೊಂದು ಸಿಕ್ಕಿತು. ಅಡಿಗೆಯ ಮುದುಕಿ ಇವರ ಸಂಕಟವನ್ನರಿತು ಪತ್ನಿಯವರ ಕೈಹಿಡಿದು ಒಳಗೆ ಕರೆದೊಯ್ದು ಪಾತ್ರೆಗಳ ಮುಚ್ಚಳಗಳನ್ನು ಒಂದೊಂದಾಗಿ ತೆಗೆದು ತೋರಿಸಿದಳು. ಬೇಯಿಸಿದ ಕಾಡುತಪ್ಪಲು, ಮೇಲೆ ಆಲಿವ್ ಎಣ್ಣೆ. ಉಳ್ಳಾಗಡ್ಡಿ ಹಾಕಿದ ಗಟ್ಟಿ ಹಳದಿ ಬೇಳೆ. ಅಕ್ಕಿ ತುಂಬಿದ ಟೊಮ್ಯಾಟೊ, ದ್ರಾಕ್ಷಿಯ ಎಲೆಯಲ್ಲಿ ಸುತ್ತಿದ ಅನ್ನ. ತುಂಬಗಾಯಿ ಬಲ್ಲವರಿಗೆ ಇದರಲ್ಲಿ ಪರಕೀಯವೇನು? ಕೊನೆಗೆ ರವೆಯ ಹಲ್ವ. ಎಣ್ಣೆ ಒಂದು, ರವೆ ಎರಡು, ಸಕ್ಕರೆ ಮೂರು, ನೀರು ನಾಲ್ಕು: ಈ ಅಳತೆಯನ್ನು ಮುದುಕಿ ಬೆರಳುಗಳಲ್ಲಿ ತೋರಿಸಿದಳು. ಸಜ್ಜಕ ಮಾಡುವ ಕೈ ಅದನ್ನು ಒಂದೇ ಸಲಕ್ಕೆ ಗ್ರಹಿಸಿತು.

ಅಲ್ಲಿ ಭಕ್ಷ್ಯಗಳನ್ನೆಲ್ಲ ಮೇಜಿನ ನಡುವೆ ಇಟ್ಟು, ಕುಳಿತವರೆಲ್ಲ ತಮಗೆ ಬೇಕಾದಷ್ಟು ತೆಗೆದುಕೊಳ್ಳುವ ಪದ್ಧತಿ. ತಾಟುಗಳು ಎರಡು, ಎದುರುಬದುರು. 41 ವರ್ಷಗಳ ದಾಂಪತ್ಯದಲ್ಲಿ ಇವರು ಹಾಗೆ ಉಂಡವರೇ ಅಲ್ಲ. ಮನೆಯಲ್ಲಿ ಮಾಸ್ತರರು, ಬಂದವರು, ಮಕ್ಕಳು ಉಂಡ ಮೇಲೆ ಒಲೆಯ ಮುಂದಿನ ತಾಟು ಅವರದು. ಪ್ಲಾಕಾದಲ್ಲಿಯೂ ಪತಿಯ ತಾಟು ಬರಿದಾಗುತ್ತಲೇ ಅವರು ಬಡಿಸಲೆಂದು ಎದ್ದು ನಿಂತರು. ಏನೋ ಬೇಕಾಗಿದೆಯೆಂದು ಮಾಣಿ ಓಡಿಬಂದನು. ಮೂರನೆಯ ದಿನ ಅವರು ಕುಳಿತೇ ಉಂಡರು. ಆಗ ಮಾಸ್ತರರು ಕಂಡದ್ದು: ಆಕೆ ಬಹಳ ನಿಧಾನವಾಗಿ ಉಣ್ಣುತ್ತಾರೆ, ತಪ್ಪಲಿನ ಮೇಲೆ ಒಂದು ಇಡೀ ನಿಂಬೆಯನ್ನು ಹಿಂಡಿಕೊಳ್ಳುತ್ತಾರೆ. ಹುಳಿ ಅವರಿಗೆ ಇಷ್ಟೊಂದು ಪ್ರಿಯವೆಂಬುದು ಅವರಿಗೆ ತಿಳಿದೇ ಇರಲಿಲ್ಲ. ಮನೆಯ ಅಡಿಗೆಯಲ್ಲಿ ಹುಳಿ ಕಡಿಮೆ. ಮಾಸ್ತರರಿಗೆ ಅದು ಸೇರದು.

ಊರಿಗೆ ಮರಳಿದ ಮರುದಿನ ಮಧ್ಯಾಹ್ನ ಎಂದಿನಂತೆ ಒಂದೇ ತಾಟು ಬಂತು. ಮಾಸ್ತರರು ಕೈಯಿಡಲಿಲ್ಲ.

“ನಿನ್ನ ತಾಟೆಲ್ಲಿ?”

“ಬಿಸಿ ರೊಟ್ಟಿ ಬಡಿಯೋರು ಯಾರ್ರಿ ಮತ್ತ?”

ಮಾತು ನಿಜವೇ ಆಗಿತ್ತು. ಮಾಸ್ತರರು ಸ್ವಲ್ಪ ಹೊತ್ತು ಯೋಚಿಸಿದರು. ಬಳಿಕ ಎದ್ದು, ಪ್ರವಾಸದಿಂದ ಉಳಿದುಬಂದ ಕಟಕ ರೊಟ್ಟಿಯ ಡಬ್ಬಿಯನ್ನು ಮಾಡದಿಂದ ಇಳಿಸಿದರು. ನಿಂಬೆಹಣ್ಣು ಎಲ್ಲಿದೆಯೆಂದು ಕೇಳಿದರು.