ಕೂಸಿನ ಕೋಣೆ

“ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು” ಎಂಬ ಗಾದೆಯನ್ನು ನಾವು ಮೂವತ್ತು ವರ್ಷಕಾಲ ತರಗತಿಯಲ್ಲಿ ಆತುರಗಾರರ ಪರಿಹಾಸ್ಯವೆಂದು ವಿವರಿಸುತ್ತ ಬಂದೆವು. ಅದರೊಳಗೆ ಒಂದು ಭಯವೂ ಅಡಗಿರುವುದೆಂಬುದು ನಮಗೆ ತಿಳಿದುಬಂದದ್ದು ಈಚೆಗೆ. ನಮ್ಮ ಮಗಳ ಮೊದಲ ಗರ್ಭವು ಐದನೆಯ ತಿಂಗಳಿನಲ್ಲಿ ಇಳಿದುಹೋಯಿತು. ಅಳಿಯಂದಿರು ಉತ್ಸಾಹದಿಂದ ಮುಂಗಡವಾಗಿಯೇ ತಂದಿರಿಸಿದ್ದ ಚಿಕ್ಕ ಮಂಚವನ್ನು ಅವಳ ಕಣ್ಣಿಗೆ ಬೀಳದಂತೆ ಹೊರಗೆ ಸಾಗಿಸಿದವರು ನಾವೇ. ಆದುದರಿಂದ ಎರಡನೆಯ ಸಲ ಅವಳು ಬಾಣಂತನಕ್ಕೆಂದು ಸಿರಿಗೆರೆಗೆ ಬಂದಾಗ, ಮಗು ಕೈಗೆ ಬರುವವರೆಗೆ ಒಂದು ಎಳೆ ನೂಲನ್ನೂ ಸಿದ್ಧಪಡಿಸಕೂಡದೆಂದು ವಿಧಿಸಿದಳು. ನಾವು ಮರುಮಾತನಾಡಲಿಲ್ಲ.

ಮಗುವೇನೋ ಮಾಘಮಾಸದಲ್ಲಿ, ಎಣಿಸಿದ್ದಕ್ಕಿಂತ ಮೂರು ವಾರ ಮೊದಲೇ ಚಿತ್ರದುರ್ಗದ ಆಸ್ಪತ್ರೆಯಲ್ಲಿ ಹುಟ್ಟಿತು, ಹೆಣ್ಣು ಮಗು. ತಾಯಿಮಕ್ಕಳು ಮನೆಗೆ ಬರಲು ನಾಲ್ಕೇ ದಿನ ಉಳಿದಿದ್ದುವು. ಕೋಣೆಯಲ್ಲೋ ನಮ್ಮ ಹಳೆಯ ಪುಸ್ತಕದ ಗಂಟುಗಳು, ರಾಗಿಯ ಚೀಲಗಳು, ತುಕ್ಕು ಹಿಡಿದ ಸೈಕಲ್ಲು. ದಾವಣಗೆರೆಯ ಅಂಗಡಿಯಿಂದ ಮಂಚ, ಪರದೆ, ಗೊಂಬೆಗಳೆಲ್ಲವನ್ನೂ ಒಟ್ಟಿಗೆ ತರಿಸುವೆನೆಂದು ಅಳಿಯಂದಿರು ಹೇಳಿದರು. ಅದರ ಬೆಲೆ ನಮ್ಮ ಒಂದು ತಿಂಗಳ ಪಿಂಚಣಿಯನ್ನು ಮೀರುತ್ತಿತ್ತು. ಮಗಳು ಫೋನಿನಲ್ಲಿ, “ಬೇಡ, ಮನೆಯಲ್ಲಿರುವುದೇ ಸಾಕು” ಎಂದಳು. ಅಟ್ಟದ ಮೇಲೆ ಮೂರು ತಲೆಮಾರಿನ ಸಾಮಾನುಗಳನ್ನು ಕಾಪಾಡಿಕೊಂಡು ಬಂದ ನಮಗೆ ಅದನ್ನು ಕೇಳಿ ಹಿಗ್ಗಾಯಿತು.

ಮೊದಲ ದಿನ ಗೋಡೆಗೆ ಸುಣ್ಣ ಬಳಿಸಿ, ಕಿಟಕಿಗೆ ಸೊಳ್ಳೆಯ ಜಾಲರಿ ಹೊಡೆಸಿದೆವು. ಎರಡನೆಯ ದಿನ ತೊಟ್ಟಿಲನ್ನು ಇಳಿಸಿದೆವು. ಅದು ನಮ್ಮ ತೀರ್ಥರೂಪರು ಮಾಡಿಸಿದ್ದು. ನಾವೂ ನಮ್ಮ ತಂಗಿಯರೂ ಮಲಗಿದ್ದು. ಹಬ್ಬ ಬಂದಾಗಲೆಲ್ಲ ಅವರು ತಮ್ಮ ಕೈಯಾರೆ ಹಸುರು ಕೆಂಪು ಎಣ್ಣೆಬಣ್ಣ ಬಳಿಯುತ್ತಿದ್ದದ್ದು. ಬಣ್ಣ ಹಕ್ಕಳೆಯೆದ್ದಿತ್ತು. ಮರಳುಕಾಗದ ಹಿಡಿದು ಉಜ್ಜಲು ಕುಳಿತೆವು. ಆ ಹೊತ್ತಿಗೆ ಮಗಳಿಂದ ಫೋನು ಬಂತು. ನಾವು ಹೆಮ್ಮೆಯಿಂದ ವರದಿ ಒಪ್ಪಿಸಿದರೆ ಅವಳು, “ಅಪ್ಪಾ, ಉಜ್ಜಬೇಡ, ಕೈ ತೊಳೆದುಕೋ” ಎಂದು ಕೂಗಿಯೇಬಿಟ್ಟಳು.

ಕಾರಣವನ್ನು ವಾಚಕರೂ ತಿಳಿದಿರುವುದು ಒಳ್ಳೆಯದು. ಹಿಂದಿನ ಎಣ್ಣೆಬಣ್ಣಗಳಲ್ಲಿ ಸೀಸವನ್ನು ಧಾರಾಳವಾಗಿ ಬೆರೆಸುತ್ತಿದ್ದರು. ೨೦೧೭ರ ನವೆಂಬರ್ ೧ರಿಂದ ಈಚೆಗೆ ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ದಶಲಕ್ಷಕ್ಕೆ ೯೦ ಭಾಗಕ್ಕಿಂತ ಹೆಚ್ಚು ಸೀಸವಿರಕೂಡದೆಂದು ಕಟ್ಟಳೆಯಾಗಿದೆ. ಅದಕ್ಕೆ ಮೊದಲಿನ ಬಣ್ಣವನ್ನು ನಂಬುವಂತಿಲ್ಲ. ಸೀಸವು ಬೆಳೆಯುವ ಮಿದುಳಿಗೆ ವಿಷ. ಇಷ್ಟರವರೆಗೆ ನಿರಪಾಯವೆಂಬ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಣಗಿದ ಬಣ್ಣವನ್ನು ಉಜ್ಜಿದರಂತೂ ಅದು ಧೂಳಾಗಿ ನೆಲದಲ್ಲಿ ಕೂರುತ್ತದೆ. ಅಂಬೆಗಾಲಿಡುವ ಮಗು ಆ ನೆಲದ ಮೇಲೆ ಕೈಯೂರಿ ಆ ಕೈಯನ್ನೇ ಬಾಯಿಗಿಡುತ್ತದೆ. ಪ್ರೀತಿಯಿಂದ ಬಳಿದ ಬಣ್ಣವೆಂದು ಅದು ರಿಯಾಯಿತಿ ತೋರುವುದಿಲ್ಲ. ತೊಟ್ಟಿಲು ಮರಳಿ ಅಟ್ಟವೇರಿತು. ಅಂದು ನಮಗೆ ಊಟ ರುಚಿಸಲಿಲ್ಲವೆಂಬುದನ್ನು ಒಪ್ಪಿಕೊಳ್ಳುವೆವು.

ದಾಯಾದಿಗಳ ಮನೆಯಿಂದ ಬಣ್ಣ ಕಾಣದ ಸಾಗುವಾನಿ ತೊಟ್ಟಿಲೊಂದು ಎರವಲು ದೊರೆಯಿತು. ಪಟ್ಟಿಗಳ ನಡುವಣ ಸಂದು ೬ ಸೆಂಟಿಮೀಟರನ್ನು ಮೀರಿದರೆ ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳುವ ಅಪಾಯವುಂಟು. ನಮ್ಮ ಹಳೆಯ ಅಡಿಪಟ್ಟಿಯಿಂದ ಒಂದೊಂದನ್ನೂ ಅಳೆದು ನೋಡಿದ ಮೇಲೆಯೇ ಅದನ್ನು ತೂಗುಹಾಕಿದೆವು.

ಆ ಬಳಿಕ ಒಂದು ನಿಯಮ ಮಾಡಿಕೊಂಡೆವು. ಅಟ್ಟದಿಂದಿಳಿದ ಪ್ರತಿಯೊಂದು ವಸ್ತುವನ್ನೂ ಮಗುವಿನ ಮೈಗೆ, ಮಗುವಿನ ಕಣ್ಣಿಗೆ, ಇಲ್ಲವೇ ಮರಳಿ ಅಟ್ಟಕ್ಕೆ ಎಂದು ವಿಂಗಡಿಸುವುದು. ಮಗಳ ಬಾಲ್ಯದ ಚನ್ನಪಟ್ಟಣದ ಗಿಲಕಿ ಸಿಕ್ಕಿತು. ಆಲೆಮರವನ್ನು ತಿರುಗಣಿಗೆ ಹಿಡಿದು, ತಿರುಗುವ ಮರಕ್ಕೆ ಬಣ್ಣದ ಅರಗನ್ನೊತ್ತಿದರೆ ಉಜ್ಜಿದ ಕಾವಿಗೆ ಅರಗು ಕರಗಿ ಮೈಗೂಡುವುದು ಅಲ್ಲಿಯ ಕುಶಲಿಗರ ಪದ್ಧತಿ. ಗಿಲಕಿಯ ಹೊಳಪು ಮಾಸಿರಲಿಲ್ಲ; ಆದರೆ ಬಿರುಕೊಂದು ಬಿಟ್ಟು ಒಳಗಿನ ಕಾಳು ಹೊರಬೀಳುವಂತಿತ್ತು. ಅದು ಎತ್ತರದ ಗೂಡಿಗೆ ಹೋಯಿತು. ಬೆಳ್ಳಿಯ ಒಳಲೆಯೂ ಅದರ ಪಕ್ಕದಲ್ಲಿಯೇ ಕುಳಿತಿತು. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡವೆಂದು ವೈದ್ಯರ ಆಜ್ಞೆ.

ಹುಟ್ಟಿದ ಮಗುವಿಗೆ ೨೦–೩೦ ಸೆಂಟಿಮೀಟರಿನಾಚೆಗೆ ಎಲ್ಲವೂ ಮಸುಕು. ತಿಳಿಬಣ್ಣಗಳಿಗಿಂತ ಕಪ್ಪುಬಿಳುಪಿನ ಭೇದವೇ ಅದರ ಕಣ್ಣನ್ನು ಸೆಳೆಯುವುದಂತೆ. ಇದನ್ನು ಓದಿದೊಡನೆ ನಮಗೆ ಜ್ಞಾಪಕವಾದದ್ದು ನಾವು ಅಕ್ಷರ ತಿದ್ದಿದ ಕಲ್ಲುಸ್ಲೇಟು. ನಮ್ಮ ಗೃಹಿಣಿ ಅದರ ಮೇಲೆ ಬಳಪದಿಂದ ಚುಕ್ಕಿಯಿಟ್ಟು ನಕ್ಷತ್ರದ ರಂಗೋಲಿಯನ್ನೆಳೆದರು. ನಾಲ್ಕು ಕಾಸು ಖರ್ಚಿಲ್ಲದ ಚಿತ್ರಪಟವಾಯಿತು.

ಉಳಿದದ್ದು ಪೆಟ್ಟಿಗೆಯಲ್ಲಿನ ಸೀರೆ. ನಮ್ಮ ಮಾತೃಶ್ರೀಯವರು ಕಡೆಯ ದಿನಗಳವರೆಗೆ ಉಟ್ಟ ಇಳಕಲ್ಲಿನ ನೂಲು ಸೀರೆ. ಕಪ್ಪು ಒಡಲು, ಕೆಂಪು ಸೆರಗು. ಹನ್ನೊಂದು ವರ್ಷಗಳಿಂದ ಅದನ್ನು ಯಾರೂ ಮುಟ್ಟದಂತೆ ಕಾಪಾಡಿದ್ದೆವು. ಗೃಹಿಣಿ ಕೌದಿಗೆ ಅದನ್ನು ಕೇಳಿದರು. ನಾವು ಒಪ್ಪಲಿಲ್ಲ. ಬೇರೆ ಬಟ್ಟೆ ಕೊಳ್ಳೋಣವೆಂದೆವು. ನಮ್ಮ ಮಿತವ್ಯಯವೆಲ್ಲ ಅಲ್ಲಿಗೆ ಮುಗಿಯಿತು! ಅವರು ವಾದಿಸಲಿಲ್ಲ. “ಅತ್ತೆಯವರಿದ್ದಿದ್ದರೆ ತಾವೇ ಹರಿದು ಕೊಡುತ್ತಿದ್ದರು” ಎಂದಷ್ಟೇ ಹೇಳಿ ಅಡಿಗೆಮನೆಗೆ ಹೋದರು. ಅದು ನಿಜ. ನಮ್ಮ ತಂಗಿ ಹುಟ್ಟಿದಾಗ ತಾವು ಮದುವೆಯಲ್ಲಿ ತಂದ ಸೀರೆಯನ್ನು ಹಾಗೆಯೇ ಹರಿದವರು ಅವರು. ಆಗ ನಮಗೆ ಐದು ವರ್ಷ. ಆ ಹರಿಯುವ ಸದ್ದು ಇಂದಿಗೂ ಕಿವಿಯಲ್ಲಿದೆ.

ಕತ್ತರಿಯನ್ನು ನಾವೇ ತಂದುಕೊಟ್ಟೆವು. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸುನೂಲಿಗೂ ಸೆರಗಿನ ಹಾಸುನೂಲಿಗೂ ಕೊಂಡಿ ಹಾಕಿ ನೇಯುವರು. ಗೃಹಿಣಿ ಆ ಕೊಂಡಿಯ ಬಳಿಯಲ್ಲಿಯೇ ಕತ್ತರಿಸಿದರು. ಸೆರಗು ಇಡಿಯಾಗಿ ಉಳಿದು ಗೋಡೆಗೆ ಬಂತು. ಒಡಲನ್ನು ಪದರವಾಗಿ ಮಡಿಸಿ, ನೆರೆಮನೆಯ ಇಬ್ಬರು ಹೆಂಗಸರೊಡನೆ ಕುಳಿತು ಸಣ್ಣ ದಾರದ ಹೊಲಿಗೆ ಹಾಕಿದರು. ಇಂಥ ತೇಪೆಯ ಹೊದಿಕೆಗೆ ಸಂಸ್ಕೃತದಲ್ಲಿ ಕಂಥಾ ಎಂದು ಹೆಸರು. ಬಂಗಾಳದವರು ಅದೇ ಹೆಸರಿನಿಂದ ಇಂದಿಗೂ ಹೊಲಿಯುತ್ತಾರೆ. ನೂರಾರು ಸಲ ಒಗೆದ ನೂಲಿನ ಮೃದುತ್ವ ಹೊಸ ಬಟ್ಟೆಗೆಲ್ಲಿಯದು? ಆದರೆ ಮಗು ಮಲಗಿ ನಿದ್ರಿಸುವಾಗ ತೊಟ್ಟಿಲಿನಲ್ಲಿ ದಿಂಬಾಗಲಿ ದಪ್ಪ ಹೊದಿಕೆಯಾಗಲಿ ಮೊದಲ ವರ್ಷ ಇರಕೂಡದು. ಮುಖಕ್ಕೆ ಮುಚ್ಚಿ ಉಸಿರು ಕಟ್ಟೀತು. ಆದುದರಿಂದ ಕೌದಿಯನ್ನು ನೆಲಕ್ಕೆ ಹಾಸಿದೆವು. ಮಗು ಎಚ್ಚರವಾಗಿರುವಾಗ ಅದರ ಮೇಲೆ ಕೈಕಾಲು ಬಡಿಯುತ್ತದೆ.

ಸುಣ್ಣ, ಜಾಲರಿ, ದಾರ, ಆಳಿನ ಕೂಲಿ ಎಲ್ಲ ಸೇರಿ ೧,೮೪೦ ರೂಪಾಯಿ ತಗುಲಿತು. ಹಳೆಯ ಸಾಮಾನಿನಿಂದ ಕೋಣೆಯನ್ನು ಅಣಿಗೊಳಿಸುವವರಿಗೆ ನಮ್ಮ ವಿನಂತಿ ಇಷ್ಟೆ: ಆ ವಸ್ತು ನಮಗೆ ಎಷ್ಟು ಪ್ರಿಯವೆಂದು ಮೊದಲು ಕೇಳಿಕೊಳ್ಳಬೇಡಿ, ಮಗುವಿಗೆ ಏನು ಮಾಡೀತೆಂದು ಕೇಳಿಕೊಳ್ಳಿ.

ನಾಮಕರಣದ ಹಿಂದಿನ ದಿನ, ಮಿಕ್ಕ ತುಂಡಿನಲ್ಲಿ ಗೃಹಿಣಿ ಒಂದು ಕುಲಾವಿ ಹೊಲಿದರು. ಅದು ಮಗುವಿನ ತಲೆಗೆ ದೊಡ್ಡದಾಯಿತು, ಕಣ್ಣಿನವರೆಗೂ ಇಳಿಯಿತು. ಬಿಚ್ಚಿ ಚಿಕ್ಕದು ಮಾಡುವೆನೆಂದು ಅವರು ಕೈ ನೀಡಿದರು. ಮಗಳು ಕೊಡಲಿಲ್ಲ. “ಇರಲಮ್ಮ, ಇನ್ನೆರಡು ತಿಂಗಳಿಗೆ ಸರಿಹೋಗುತ್ತದೆ” ಎಂದು ಅದನ್ನು ಮಡಿಸಿ ಗೂಡಿನಲ್ಲಿಟ್ಟಳು.