ಕರೀಮ್ ಕಲಿಸಿದ್ದು, ಬೈನಮ್ ಕಲಿತದ್ದು

2005ರಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ತಂಡ ಹದಿನೇಳು ವರ್ಷದ ಹುಡುಗನೊಬ್ಬನನ್ನು ಆರಿಸಿಕೊಂಡಿತು. ಹೆಸರು ಆಂಡ್ರ್ಯೂ ಬೈನಮ್. ಏಳಡಿ ಎತ್ತರ. ಹೈಸ್ಕೂಲು ಮುಗಿಸಿ, ಕಾಲೇಜಿನ ಮೆಟ್ಟಿಲು ಹತ್ತದೆ ನೇರವಾಗಿ ಎನ್‌ಬಿಎಗೆ ಬಂದವನು. ಆ ವರ್ಷ ನವೆಂಬರ್ 2ರಂದು ಮೊದಲ ಪಂದ್ಯಕ್ಕೆ ಇಳಿದಾಗ ಅವನ ವಯಸ್ಸು 18 ವರ್ಷ 6 ದಿನ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಆ ಲೀಗಿನಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ. ಅವನಿಗೆ ಆಟ ಹೇಳಿಕೊಡಲು ತಂಡ ಕರೆತಂದದ್ದು 58 ವರ್ಷದ ಕರೀಮ್ ಅಬ್ದುಲ್-ಜಬ್ಬಾರ್ ಅವರನ್ನು.

ಇದಕ್ಕಿಂತ ಒಳ್ಳೆಯ ಗುರು ಎಲ್ಲಿ ಸಿಗಬೇಕು? ಕರೀಮ್ ಇಪ್ಪತ್ತು ವರ್ಷ ಎನ್‌ಬಿಎ ಆಡಿದವರು. ಆರು ಸಲ ಚಾಂಪಿಯನ್, ಆರು ಸಲ ವರ್ಷದ ಅತ್ಯುತ್ತಮ ಆಟಗಾರ. 1989ರಲ್ಲಿ ನಿವೃತ್ತರಾದಾಗ ಅವರ ಹೆಸರಿನಲ್ಲಿ 38,387 ಅಂಕಗಳಿದ್ದವು. 2023ರ ಫೆಬ್ರುವರಿಯಲ್ಲಿ ಲೆಬ್ರಾನ್ ಜೇಮ್ಸ್ ದಾಟುವವರೆಗೂ ಅದೇ ದಾಖಲೆ. ಬೈನಮ್ ಆಡಬೇಕಿದ್ದದ್ದೂ ಅವರ ಜಾಗದಲ್ಲೇ. ರಿಂಗಿಗೆ ಬೆನ್ನು ಹಾಕಿ, ಎದುರಾಳಿಯ ಒತ್ತಡವನ್ನು ಬೆನ್ನಿನಲ್ಲಿ ತಡೆದು ನಿಂತು, ಚೆಂಡು ಕೈಗೆ ಬಂದೊಡನೆ ತಿರುಗಿ ಅಂಕ ಗಳಿಸುವ ಜಾಗ. ಆಟಗಾರರು ಅದನ್ನು ಪೋಸ್ಟ್ ಎನ್ನುತ್ತಾರೆ. 2004ರಲ್ಲಿ ಶಕೀಲ್ ಓನೀಲ್ ಮಯಾಮಿಗೆ ಹೋದ ಮೇಲೆ ಲೇಕರ್ಸ್‌ನಲ್ಲಿ ಆ ಜಾಗ ತುಂಬುವವರು ಬೇಕಾಗಿದ್ದರು.

ಕರೀಮ್ ಎಂದರೆ ಜನರಿಗೆ ನೆನಪಾಗುವುದು ಸ್ಕೈಹುಕ್. ಮೈಯನ್ನು ರಿಂಗಿಗೆ ಅಡ್ಡಲಾಗಿ ತಿರುಗಿಸಿ, ಎಡಗಾಲಿನ ಮೇಲೆ ಚಿಮ್ಮಿ, ಬಲಗೈಯನ್ನು ತಲೆಯ ಮೇಲೆ ಪೂರ್ತಿ ಚಾಚಿ, ಬೆರಳ ತುದಿಯಿಂದ ಚೆಂಡನ್ನು ಬಿಡುವ ಹೊಡೆತ. ಎದುರಾಳಿ ಎಷ್ಟೇ ಎತ್ತರದವನಾದರೂ ಅವನಿಗೂ ಚೆಂಡಿಗೂ ನಡುವೆ ಹೊಡೆಯುವವನ ಇಡೀ ಮೈ ಇರುತ್ತದೆ. ತಡೆಯುವುದು ಹೆಚ್ಚುಕಡಿಮೆ ಅಸಾಧ್ಯ. ನೋಡುವುದಕ್ಕೆ ನೃತ್ಯದ ಹಾಗಿರುತ್ತಿತ್ತು.

ಅದರ ಹಿಂದಿನ ಅಭ್ಯಾಸದಲ್ಲಿ ಮಾತ್ರ ನೋಡುವಂಥದ್ದು ಏನೂ ಇರಲಿಲ್ಲ. ಹಳೆಯ ಕಾಲದ ಸೆಂಟರ್ ಜಾರ್ಜ್ ಮೈಕನ್ ಹೆಸರಿನ ಒಂದು ಕಸರತ್ತು ಇದೆ. ರಿಂಗಿನ ಕೆಳಗೆ ನಿಂತು ಬಲಗಡೆಯಿಂದ ಬಲಗೈಯಲ್ಲಿ ಒಂದು, ಚೆಂಡು ನೆಲ ಮುಟ್ಟುವ ಮೊದಲೇ ಹಿಡಿದು ಎಡಗಡೆಯಿಂದ ಎಡಗೈಯಲ್ಲಿ ಒಂದು, ಮತ್ತೆ ಬಲಗಡೆ, ಮತ್ತೆ ಎಡಗಡೆ. ಕರೀಮ್ ಪ್ರೈಮರಿ ಶಾಲೆಯ ಹುಡುಗನಾಗಿದ್ದಾಗ ಹಿಡಿದದ್ದು ಇದನ್ನೇ. ಸಂಗೀತ ಕಲಿತವರಿಗೆ ಸರಳೆ ವರಸೆ ನೆನಪಾದೀತು. ಕಛೇರಿಯಲ್ಲಿ ಅದನ್ನು ಯಾರೂ ಹಾಡುವುದಿಲ್ಲ, ಅದಿಲ್ಲದೆ ಯಾರೂ ಕಛೇರಿಗೆ ತಲುಪುವುದೂ ಇಲ್ಲ.

ಮುಂದೆ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಅವರಿಗೆ ಸಿಕ್ಕ ಗುರು ಜಾನ್ ವುಡನ್. ಹೊಸಬರಿಗೆ ಈ ಗುರುವಿನ ಮೊದಲ ಪಾಠ, ಗುಳ್ಳೆ ಏಳದ ಹಾಗೆ ಕಾಲುಚೀಲ ಹಾಕಿಕೊಳ್ಳುವುದು ಹೇಗೆ ಎಂಬುದು. ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡಕ್ಕೆ ಆಡುವಂತೆಯೇ ಇರಲಿಲ್ಲ. 1967ರಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲಿನಲ್ಲಿ ಡಂಕ್ ಮಾಡುವುದನ್ನೇ ನಿಷೇಧಿಸಿದರು. ಅತ್ಯಂತ ಸುಲಭದ ದಾರಿ ಮುಚ್ಚಿದಾಗ ಕರೀಮ್ ತಮ್ಮ ಹುಕ್ ಅನ್ನು ಇನ್ನಷ್ಟು ತಿದ್ದಿಕೊಂಡರು. ಹೀಗೆ ನಾಲ್ಕು ವರ್ಷ.

ಬೈನಮ್‌ಗೆ ಇಲ್ಲದೆ ಹೋದದ್ದು ಆ ನಾಲ್ಕು ವರ್ಷ. ಹೈಸ್ಕೂಲಿನಿಂದ ನೇರವಾಗಿ ಎನ್‌ಬಿಎಗೆ ಬರಲು ಅವಕಾಶವಿದ್ದ ಕೊನೆಯ ವರ್ಷ 2005. ಮರುವರ್ಷದಿಂದ ನಿಯಮ ಬದಲಾಯಿತು. ಹುಡುಗನ ಮೈ ಬೆಳೆದಿತ್ತು, ಜೇಬಿಗೆ ಸಂಬಳ ಬರುತ್ತಿತ್ತು, ಆಗಬೇಕಿದ್ದ ಪಾಠ ಮಾತ್ರ ಆಗಿರಲಿಲ್ಲ. ಆ ಕೊರತೆಯನ್ನು ಒಬ್ಬ ಮನುಷ್ಯನಿಂದ ತುಂಬಿಸಲು ತಂಡ ಹೊರಟಿತ್ತು.

ಆ ಮನುಷ್ಯನಿಗೂ ಈ ಕೆಲಸ ಬೇಕಾಗಿತ್ತು. ನಿವೃತ್ತಿಯ ನಂತರ ಕೋಚ್ ಆಗಬೇಕೆಂಬ ಆಸೆ ಕರೀಮ್‌ಗೆ ಇತ್ತು, ಕರೆಯುವವರು ಕಡಿಮೆ. 1998ರಲ್ಲಿ ಅವರು ಅರಿಜೋನದ ಅಪಾಚೆ ಮೂಲನಿವಾಸಿಗಳ ಪ್ರದೇಶಕ್ಕೆ ಹೋಗಿ, ಅಲ್ಲಿನ ಹೈಸ್ಕೂಲು ಹುಡುಗರಿಗೆ ಆಟ ಹೇಳಿಕೊಟ್ಟರು. 2002ರಲ್ಲಿ ಒಕ್ಲಹೋಮದ ಒಂದು ಸಣ್ಣ ಲೀಗಿನ ತಂಡವನ್ನು ಗೆಲ್ಲಿಸಿದರು. ಆಡುವ ಕಾಲದಲ್ಲಿ ಪತ್ರಕರ್ತರನ್ನೂ ಅಭಿಮಾನಿಗಳನ್ನೂ ದೂರ ಇಟ್ಟದ್ದು ತಮಗೇ ತಿರುಗುಬಾಣವಾಯಿತೆಂದು ಅವರೇ ಮುಂದೆ ಬರೆದುಕೊಂಡಿದ್ದಾರೆ. ಬೈನಮ್ ಚೆನ್ನಾಗಿ ಆಡಿದರೆ ಇವರಿಗೂ ಒಂದು ಬಾಗಿಲು ತೆರೆದೀತು ಎಂಬಂತಿತ್ತು.

ಬೈನಮ್ ಚೆನ್ನಾಗಿಯೇ ಆಡಿದ. ಮೊದಲ ವರ್ಷದಲ್ಲೇ, 2006ರ ಜನವರಿಯಲ್ಲಿ, ಓನೀಲ್ ಅವನ ತಲೆಯ ಮೇಲೆ ಡಂಕ್ ಮಾಡಿದಾಗ ಹುಡುಗ ಇನ್ನೊಂದು ತುದಿಗೆ ಓಡಿ, ಚೆಂಡು ಪಡೆದು, ಓನೀಲ್ ಅವರನ್ನು ಸುತ್ತಿ ತಿರುಗಿ ತಾನೂ ಡಂಕ್ ಮಾಡಿದ. 2007-08ರಲ್ಲಿ ಪಂದ್ಯಕ್ಕೆ ಸರಾಸರಿ 13 ಅಂಕ, 10 ರಿಬೌಂಡ್. 2009 ಮತ್ತು 2010ರಲ್ಲಿ ತಂಡ ಚಾಂಪಿಯನ್ ಆದಾಗ ಸೆಂಟರ್ ಅವನೇ. 2012ರಲ್ಲಿ ಆಲ್‌ಸ್ಟಾರ್. ಅದೇ ಏಪ್ರಿಲ್‌ನಲ್ಲಿ ಒಂದೇ ಪಂದ್ಯದಲ್ಲಿ 30 ರಿಬೌಂಡ್. ಆದರೆ 2008ರ ಜನವರಿಯಲ್ಲಿ ಒಂದು ಮಂಡಿ, 2009ರ ಜನವರಿಯಲ್ಲಿ ಇನ್ನೊಂದು ಮಂಡಿ ಪೆಟ್ಟು ತಿಂದಿದ್ದವು. 2012ರ ಆಗಸ್ಟ್‌ನಲ್ಲಿ ಲೇಕರ್ಸ್ ಅವನನ್ನು ಬಿಟ್ಟುಕೊಟ್ಟಿತು. ಫಿಲಡೆಲ್ಫಿಯಾ ಪಡೆದುಕೊಂಡಿತು, ಆದರೆ ಆ ತಂಡಕ್ಕೆ ಅವನು ಒಂದು ಪಂದ್ಯವನ್ನೂ ಆಡಲಿಲ್ಲ. 2014ರಲ್ಲಿ, 26ನೇ ವಯಸ್ಸಿನಲ್ಲಿ, ಅವನ ಆಟ ಮುಗಿದಿತ್ತು. ಆ ವಯಸ್ಸಿನ ನಂತರವೂ ಕರೀಮ್ ಒಂದೂವರೆ ದಶಕ ಆಡಿದ್ದರು. ಅದಕ್ಕೆ ತಾವು ಮಾಡುತ್ತಿದ್ದ ಯೋಗವೂ ಒಂದು ಕಾರಣ ಎಂದು ಅವರು ಹೇಳುವುದುಂಟು.

ಶಿಷ್ಯನ ಬಗ್ಗೆ ಕರೀಮ್ ಒಮ್ಮೆ ಬರೆದದ್ದರಲ್ಲಿ ಕಹಿ ಇರಲಿಲ್ಲ. ಹುಡುಗ ಬುದ್ಧಿವಂತ, ದುಡಿಯುತ್ತಿದ್ದ, ಆದರೆ ಮೂಲಪಾಠಗಳನ್ನು ದಿನದಿನವೂ ಮಾಡುವುದು ಅವನಿಗೆ ಬೇಸರ ತಂದಿರಬೇಕು ಎಂಬುದು ಅವರ ಅಂದಾಜು.

ಇಲ್ಲಿ ಗುರುವನ್ನೋ ಶಿಷ್ಯನನ್ನೋ ದೂರುವುದು ಸುಲಭ. ಮಂಡಿಚಿಪ್ಪು ಸರಿಯುವುದನ್ನು ಯಾವ ಗುರುವೂ ತಡೆಯಲಾರ. ಗುರುವಿನ ಹಾಗೆಯೇ ಆಟವನ್ನು ಪ್ರೀತಿಸಬೇಕೆಂಬ ಕರಾರಿಗೆ ಹದಿನೇಳರ ಹುಡುಗ ಸಹಿ ಹಾಕಿರಲಿಲ್ಲ. ಕಾಲು ಎಲ್ಲಿಡಬೇಕು, ಭುಜ ಹೇಗೆ ತಿರುಗಿಸಬೇಕು ಎಂಬುದನ್ನು ಕರೀಮ್ ಕೊಟ್ಟರು, ಅವನು ತೆಗೆದುಕೊಂಡ. ಎರಡು ಚಾಂಪಿಯನ್‌ಶಿಪ್‌ಗಳಲ್ಲಿ ಅದರ ಪಾಲೂ ಇದೆ. ಬೇಸರದ ಜೊತೆ ಬಾಳುವುದನ್ನು ಮಾತ್ರ ಕರೀಮ್ ಹತ್ತು-ಹನ್ನೊಂದರ ವಯಸ್ಸಿನಲ್ಲಿ, ಯಾರೂ ದುಡ್ಡು ಕೊಡದಿದ್ದಾಗ, ಯಾರೂ ನೋಡದಿದ್ದಾಗ ಕಲಿತಿದ್ದರು. ಅದನ್ನು ಸಂಬಳಕ್ಕೆ ಬಂದು ಕಲಿಸುವುದು ಹೇಗೆಂದು ಅವರಿಗೂ ತಿಳಿದಿದ್ದಂತೆ ಕಾಣುವುದಿಲ್ಲ.

ಎನ್‌ಬಿಎ ತಂಡದ ಮುಖ್ಯ ಕೋಚ್ ಆಗುವ ಅವಕಾಶ ಕರೀಮ್‌ಗೆ ಸಿಗಲೇ ಇಲ್ಲ. 2012ರ ನವೆಂಬರ್‌ನಲ್ಲಿ ಲಾಸ್ ಏಂಜಲೀಸಿನ ಕ್ರೀಡಾಂಗಣದ ಹೊರಗೆ ಅವರ ಕಂಚಿನ ಪ್ರತಿಮೆ ನಿಲ್ಲಿಸಿದರು, ಸ್ಕೈಹುಕ್ ಹೊಡೆಯುವ ಭಂಗಿಯಲ್ಲಿ. ಆ ಹೊತ್ತಿಗೆ ಬೈನಮ್ ಫಿಲಡೆಲ್ಫಿಯಾದಲ್ಲಿ, ಮಂಡಿ ನೋವಿನಿಂದ ಆಟದ ಹೊರಗೆ ಕೂತಿದ್ದ. ಇಂದಿನ ಎನ್‌ಬಿಎಯಲ್ಲಿ ಆ ಹೊಡೆತವನ್ನೇ ನೆಚ್ಚಿ ಆಡುವವರು ಯಾರೂ ಇಲ್ಲ.